ಆರು ಚುಕ್ಕಿ, ಎರಡು ಗುರುತು



ಈ ಪತ್ರವನ್ನು ಪೆನ್ಸಿಲ್ ಹಿಡಿದುಕೊಂಡು ಓದಬೇಕು. ಹಾಳೆಯ ಮೇಲೆ ಬಳೆಯ ಹಾಗೆ ಸುತ್ತಲೂ ಆರು ಚುಕ್ಕಿ ಇಡಿ. ಅಕ್ಕಪಕ್ಕದ ಚುಕ್ಕಿಗಳನ್ನು ಗೆರೆ ಎಳೆದು ಕೂಡಿಸಿ, ವರಸೆಯಾಗಿ ಒಂದರಿಂದ ಆರರವರೆಗೆ ಅಂಕಿ ಹಾಕಿ. ಗಣಿತದವರು ಇದನ್ನು ಗ್ರಾಫ್ ಅನ್ನುತ್ತಾರೆ. ನಮಗೆ ರಂಗೋಲಿ ಅಂದರೂ ನಡೆಯುತ್ತದೆ.

ಈಗ ನಾನು ಯಾವುದೋ ಒಂದು ಚುಕ್ಕಿಯಲ್ಲಿ ಅಡಗಿದ್ದೇನೆ. ನೀವು ಗುರುತು ಹಾಕಿದ ಚುಕ್ಕಿಯಿಂದ ಹತ್ತಿರದ ದಾರಿಯಲ್ಲಿ ಎಷ್ಟು ಗೆರೆ ದಾಟಬೇಕು ಅಂತ ಮಾತ್ರ ಹೇಳುತ್ತೇನೆ. ಒಂದನೆಯ ಚುಕ್ಕಿಗೆ ಗುರುತು ಹಾಕಿದಿರಿ, ನಾನು 'ಒಂದು ಗೆರೆ' ಅಂದೆ. ಸಿಕ್ಕಿಬಿದ್ದೆನೇ? ಇಲ್ಲ. ಎರಡರಲ್ಲೂ ಇರಬಹುದು, ಆರರಲ್ಲೂ ಇರಬಹುದು.

ಹಾಗಾದರೆ ಎರಡು ಗುರುತು ಬೇಕು. ಎಲ್ಲಿ ಹಾಕುತ್ತೀರಿ? ನಾನು ಮೊದಲ ಸಲ ಎದುರುಬದುರಾಗಿ, ಒಂದಕ್ಕೂ ನಾಲ್ಕಕ್ಕೂ ಹಾಕಿದ್ದೆ. ಕಾವಲಿನವರು ದೂರ ದೂರ ನಿಂತಷ್ಟೂ ಒಳ್ಳೆಯದು ಅನ್ನುವ ಲೆಕ್ಕಾಚಾರ ನನ್ನದು. ಅದು ಕೈಕೊಟ್ಟಿತು: ಎರಡನೆಯ ಚುಕ್ಕಿಯ ದೂರಗಳು 1, 2, ಆರನೆಯದರವೂ 1, 2. ಗುರುತುಗಳನ್ನು ಮಗ್ಗುಲಿಗೆ ಮಗ್ಗುಲು, ಒಂದಕ್ಕೂ ಎರಡಕ್ಕೂ ಹಾಕಿ ನೋಡಿ. ಮೂರಕ್ಕೆ 2, 1. ನಾಲ್ಕಕ್ಕೆ 3, 2. ಐದಕ್ಕೆ 2, 3. ಆರಕ್ಕೆ 1, 2. ಒಂದರ ಜೋಡಿ ಇನ್ನೊಂದಕ್ಕಿಲ್ಲ. ಅಡಗಲು ಜಾಗವೇ ಉಳಿಯಲಿಲ್ಲ!

ಹೀಗೆ ಎಲ್ಲ ಚುಕ್ಕಿಗಳನ್ನೂ ಬೇರೆ ಬೇರೆಯಾಗಿ ಗುರುತಿಸಲು ಕನಿಷ್ಠ ಎಷ್ಟು ಗುರುತು ಬೇಕೋ ಅದು ಆ ಗ್ರಾಫಿನ 'ಮೆಟ್ರಿಕ್ ಡೈಮೆನ್ಷನ್'. ಅಮೆರಿಕದ ಗಣಿತಜ್ಞ ಪೀಟರ್ ಸ್ಲೇಟರ್ 1975ರಲ್ಲಿ ಈ ವಿಚಾರ ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಸೋನಾರ್ ಮತ್ತು ಲೋರಾನ್ ಕೇಂದ್ರಗಳು. ಸೋನಾರ್ ಅಂದರೆ ನೀರಿನಡಿ ಇರುವುದನ್ನು ಸದ್ದಿನಿಂದ ಪತ್ತೆಹಚ್ಚುವ ಏರ್ಪಾಡು; ಲೋರಾನ್ ಅಂದರೆ ಹಡಗುಗಳು ತಾವೆಲ್ಲಿದ್ದೇವೆಂದು ಅರಿಯಲು ದಡದ ರೇಡಿಯೋ ಸಂಕೇತಗಳನ್ನು ಬಳಸುತ್ತಿದ್ದ ಏರ್ಪಾಡು. ಸ್ಲೇಟರ್ ಬರೆದ ಮರುವರ್ಷವೇ ಫ್ರಾಂಕ್ ಹರಾರಿ ಮತ್ತು ರಾಬರ್ಟ್ ಮೆಲ್ಟರ್ ತಮ್ಮಷ್ಟಕ್ಕೆ ತಾವೇ ಇದೇ ಜಾಗಕ್ಕೆ ಬಂದು ಮುಟ್ಟಿದರು.

ನನಗೆ ಮೋಜೆನಿಸುವುದು ಗಾತ್ರಕ್ಕೂ ಈ ಸಂಖ್ಯೆಗೂ ತಾಳೆಯಾಗದಿರುವುದು. ಸಾಲಿಗೆ ನೂರರಂತೆ ನೂರು ಸಾಲು, ಒಟ್ಟು ಹತ್ತು ಸಾವಿರ ಚುಕ್ಕಿ ಇಟ್ಟು, ಅಡ್ಡಕ್ಕೂ ಉದ್ದಕ್ಕೂ ಚೌಕುಳಿಯಾಗಿ ಗೆರೆ ಎಳೆಯಿರಿ. ಒಂದೇ ಅಂಚಿನ ಎರಡು ಮೂಲೆಗಳಲ್ಲಿ ಗುರುತು ಹಾಕಿದರೆ ಸಾಕು, ಎಲ್ಲವೂ ಪತ್ತೆ. ಅದೇ ಐದೇ ಚುಕ್ಕಿ ಇಟ್ಟು ಪ್ರತಿಯೊಂದನ್ನೂ ಉಳಿದ ಎಲ್ಲಕ್ಕೂ ಕೂಡಿಸಿ. ನಾಲ್ಕು ಗುರುತು ಬೇಕು! ಎಲ್ಲರೂ ಎಲ್ಲರಿಗೂ ಅಷ್ಟೇ ಹತ್ತಿರವಾದರೆ ದೂರಕ್ಕೆ ಬೆಲೆಯೆಲ್ಲಿ? (ನಮ್ಮ ಮದುವೆ ಮನೆಗಳಲ್ಲಿ ಯಾರು ಯಾರೆಂದು ತಿಳಿಯದ್ದೂ ಇದಕ್ಕೇ ಇರಬೇಕು.)

ಮರದಂತೆ ಕವಲೊಡೆಯುವ ಗ್ರಾಫ್‌ಗಳಿಗೆ ಸ್ಲೇಟರ್ ಸಲೀಸಾದ ದಾರಿ ತೋರಿಸಿದ್ದಾರೆ. ಕವಲಿನಿಂದ ಹೊರಟು ಮತ್ತೆ ಕವಲೊಡೆಯದೆ ಮುಗಿಯುವ ರೆಂಬೆಗಳಲ್ಲಿ ಒಂದನ್ನು ಬಿಟ್ಟು, ಉಳಿದವುಗಳ ತುದಿಯ ಎಲೆಗೆ ಒಂದೊಂದು ಗುರುತು. ಎಲ್ಲ ಕವಲಿಗೂ ಹೀಗೆ ಮಾಡಿದರೆ ಮುಗಿಯಿತು. ಆದರೆ ಯಾವುದೇ ಗ್ರಾಫ್ ಕೊಟ್ಟರೂ ಕನಿಷ್ಠ ಗುರುತು ಎಷ್ಟೆಂದು ಬೇಗ ಹೇಳಿಬಿಡುವ ವಿಧಾನ ಕಂಪ್ಯೂಟರಿನವರ ಕೈಗೂ ಇನ್ನೂ ಸಿಕ್ಕಿಲ್ಲ.

ಪೆನ್ಸಿಲ್ ಇನ್ನೂ ಕೈಯಲ್ಲಿದ್ದರೆ ನಡುವೆ ಒಂದು ಚುಕ್ಕಿ, ಸುತ್ತ ನಾಲ್ಕು ಇಟ್ಟು, ನಾಲ್ಕನ್ನೂ ನಡುವಿನದಕ್ಕೆ ಮಾತ್ರ ಕೂಡಿಸಿ. ಎಷ್ಟು ಗುರುತು ಬೇಕಾಯಿತೆಂದು ಉತ್ತರ ಬರೆಯಿರಿ.

ಇಂತಿ ನಿಮ್ಮ ಗೆಳೆಯ