ಸಂಡಿಗೆ ಇಡುವ ದಿನಗಳು

ಯುಗಾದಿ ಕಳೆದು ಬಿಸಿಲು ಚುರುಗುಟ್ಟತೊಡಗಿದರೆ ಸಾಕು, ಮೈಸೂರಿನ ಅಗ್ರಹಾರದ ನಮ್ಮ ವಠಾರದ ಹೆಂಗಸರು ನಲ್ಲಿ ಹತ್ತಿರವೇ ತೀರ್ಮಾನಕ್ಕೆ ಬರುತ್ತಿದ್ದರು: ಯಾವತ್ತು ಯಾರ ಮನೆ ಸಂಡಿಗೆ ಎಂದು. ಅಕ್ಕಿ ಯಾರ ಮನೆಯದಾದರೇನು, ಕೆಲಸಕ್ಕೆ ಎಲ್ಲರೂ ಬರುತ್ತಿದ್ದರು.

ಬಿಸಿಲೇರುವ ಮೊದಲೇ ಒತ್ತಿ ಮುಗಿಸಬೇಕಾದ್ದರಿಂದ ಅಜ್ಜಿ ಬೆಳಗಿನ ಜಾವವೇ ಒಲೆ ಹಚ್ಚುತ್ತಿದ್ದರು. ಕುದಿಯುವ ನೀರಿಗೆ ಉಪ್ಪು, ಇಂಗು, ಜೀರಿಗೆ, ಅರೆದ ಹಸಿಮೆಣಸಿನಕಾಯಿ, ಆಮೇಲೆ ಅಕ್ಕಿಹಿಟ್ಟು. ಗಂಟು ಕಟ್ಟದಂತೆ ಒಂದೇ ಸಮನೆ ತಿರುವುತ್ತಿರಬೇಕು. ತಾರಸಿಯಲ್ಲಿ ಅಜ್ಜನ ಹಳೇ ಪಂಚೆಯನ್ನು ಒದ್ದೆ ಮಾಡಿ ಹಾಸಿ, ಮೂಲೆಮೂಲೆಗೆ ಕಲ್ಲು ಹೇರಿದರೆ ದೊಡ್ಡಮ್ಮ ಒರಳು ಹಿಡಿದು ಕೂರುತ್ತಿದ್ದರು. ಅರಳು ಸಂಡಿಗೆ ಮಾತ್ರ ಅಜ್ಜಿಯ ಕೈಯಲ್ಲೇ ಆಗಬೇಕು. ಅರಳಿಗೆ ಬೂದುಗುಂಬಳ ಎಷ್ಟು ಬೆರೆಸಬೇಕೆಂಬ ಹದ ಅವರಿಗೇ ಗೊತ್ತು.

ಕಾಗೆ ಕಾಯುವುದು ಮಕ್ಕಳ ಪಾಲಿಗೆ. ಪಕ್ಕದಲ್ಲಿ ಬಿಚ್ಚಿಟ್ಟ ಕಪ್ಪು ಕೊಡೆ, ಕೈಯಲ್ಲೊಂದು ಕೋಲು. ಮೇಲೆ ಗರಿಗಟ್ಟಿ ಒಳಗಿನ್ನೂ ಮೆತ್ತಗಿರುವ ಸಂಡಿಗೆಯನ್ನು ಪಂಚೆಯಿಂದ ಕಿತ್ತು ತಿನ್ನುವ ರುಚಿ ಕರಿದ ಸಂಡಿಗೆಗೂ ಇಲ್ಲ. ಇವತ್ತಿಗೂ ನನ್ನ ಮಾತು ಇದೇ. "ಕಾಗೆ ಕಾಟಕ್ಕಿಂತ ನಿಮ್ಮ ಕಾಟವೇ ಜಾಸ್ತಿಯಾಯ್ತಲ್ರೋ!" ಎಂದು ಕೆಳಗಿನಿಂದಲೇ ಅಜ್ಜಿ ಕೂಗುತ್ತಿದ್ದರು.

1987ರ ಜನವರಿಯಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಶುರುವಾಯಿತಲ್ಲ, ಆ ಬೇಸಿಗೆಯಲ್ಲಿ ಭಾನುವಾರದ ಸಂಡಿಗೆಗೆ ಗಡುವು ಬಿತ್ತು. ಒಂಬತ್ತೂವರೆಗೆ ಎಲ್ಲರೂ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಟಿವಿ ಇದ್ದ ಮನೆಯ ನಡುಮನೆಗೆ ಸೇರುತ್ತಿದ್ದರು. ತಾರಸಿ ಕಾಯುವ ಸರದಿ ಯಾರದೋ ಅವರಿಗೆ ಉಳಿದವರು ಆಮೇಲೆ ಪೂರ್ತಿ ಕಥೆ ಒಪ್ಪಿಸಬೇಕು. ಬಾಣ ಬಾಣಕ್ಕೆ ತಾಗಿದ್ದನ್ನು ಕೋಲಿನಲ್ಲೇ ಆಡಿ ತೋರಿಸುತ್ತಿದ್ದೆವು.

ಸಂಜೆ ಪಂಚೆ ಮಗುಚಿ, ನೀರು ಚಿಮುಕಿಸಿ, ಒಂದೊಂದಾಗಿ ಬಿಡಿಸುವುದು. ಮೊರದಲ್ಲಿ ಹರಡಿ ಇನ್ನಷ್ಟು ಬಿಸಿಲು ಕಾಣಿಸಿ ಡಬ್ಬಕ್ಕೆ ತುಂಬುವಾಗ, ಮದುವೆಯಾಗಿ ಹೋದ ಅತ್ತೆಯಂದಿರ ಪಾಲು ಮೊದಲು ಎತ್ತಿಡುತ್ತಿದ್ದರು.

ಆ ವಠಾರ ಈಗಿಲ್ಲ. ನಾವೆಲ್ಲ ಅಪಾರ್ಟ್‌ಮೆಂಟುಗಳಲ್ಲಿದ್ದೇವೆ, ವಾಟ್ಸಾಪಿನಲ್ಲಿ ಸಿಗುತ್ತೇವೆ. ಚಿಕ್ಕಮ್ಮ ಮಾತ್ರ ಪ್ರತಿ ಬೇಸಿಗೆಯಲ್ಲೂ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸಬ್ಬಕ್ಕಿ ಸಂಡಿಗೆ ಇಡುತ್ತಾರೆ, ಒಬ್ಬರೇ. ಅಂಗಡಿ ಸಂಡಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಚಿಕ್ಕಮ್ಮ ಒಬ್ಬರೇ ಕೂತಿರುವುದು ನನಗೆ ಸಹಿಸದು. ಈ ಸಲ ನಾವೆಲ್ಲ ಅಲ್ಲಿಗೇ ಹೋಗುವುದೆಂದಾಗಿದೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ತಾರಸಿಯ ಬೀಗದ ಕೈ ಕೇಳಿ ಇಸಿದುಕೊಳ್ಳಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಒಂದು ಸೇರು ಅಕ್ಕಿಯಾದರೆ ಸಾಕು.