ಹಳೆಯ ಗಾಡಿಯ ಹೊಸ ಒಡೆಯ

ಹಾವೇರಿಯಿಂದ ರಾಣಿಬೆನ್ನೂರಿನತ್ತ ಹೊರಟ ಪ್ರವಾಸಿಗನು ಮೋಟೆಬೆನ್ನೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ತಿರುಗಿದನೆಂದರೆ, ಬ್ಯಾಡಗಿಯ ಇರವು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. 2011ರಲ್ಲಿ ಭೌಗೋಳಿಕ ಮಾನ್ಯತೆಯನ್ನು ಪಡೆದ ಮೆಣಸಿನಕಾಯಿಯ ಊರಿದು. ಸುಗ್ಗಿಯ ಸೋಮವಾರ, ಗುರುವಾರಗಳಂದು ಮಾರುಕಟ್ಟೆಯ ಅಂಗಳದಲ್ಲಿ ಕೆಂಪು ಚೀಲಗಳ ಬೆಟ್ಟವೇ ಏಳುತ್ತದೆ.

ಆ ಚೀಲಗಳನ್ನು ತರುವವು ದೊಡ್ಡ ಲಾರಿಗಳಷ್ಟೇ ಅಲ್ಲ; 2005ರಲ್ಲಿ ಬಂದು ‘ಛೋಟಾ ಹಾಥಿ’ ಎನ್ನಿಸಿಕೊಂಡ ಟಾಟಾ ಏಸ್‌ನಂತಹ ಪುಟ್ಟ ಗಾಡಿಗಳೂ ಉಂಟು. ಮೊದಲ ಮಾದರಿಗೆ ಎರಡೇ ಸಿಲಿಂಡರು. ಮುಕ್ಕಾಲು ಟನ್ನು ಹೊರೆಯ ಮಿತಿ. ಇಂಥ ಗಾಡಿಗಳಲ್ಲಿ ಎರಡನೆಯ ಕೈಗೆ ಬಂದವು ಕಡಿಮೆಯೇನಲ್ಲ.

“ಎಷ್ಟ್ ಓಡೈತಿ ಅನ್ನೂದಲ್ರೀ ಸರ, ಏನ್ ಹೊತ್ತೈತಿ ಕೇಳ್ರಿ” ಎಂದರು, ಹಳೆಯ ಗಾಡಿಯನ್ನು ಕೊಂಡ ಒಬ್ಬರು. ಮಾತಿನಲ್ಲಿ ಮರ್ಮವಿದೆ. ಒಣಮೆಣಸಿನಕಾಯಿ ಗಾತ್ರಕ್ಕೆ ಹಿರಿದು, ತೂಕಕ್ಕೆ ಹಗುರ. ಮೆಕ್ಕೆಜೋಳವಾದರೋ ಪಕ್ಕದ ಹಲಗೆಯ ಎತ್ತರಕ್ಕೇ ಮಿತಿಯನ್ನು ಮುಟ್ಟುತ್ತದೆ. ಬಾಡಿಗೆಯ ಆಸೆ ಮಾತ್ರ ಅಲ್ಲಿಗೆ ನಿಲ್ಲದು. ಹೊಸ ಬಣ್ಣವು ಮರೆಮಾಡಿದ ಆ ಕಥೆಯನ್ನು ಹಿಂಬದಿಯ ಚಪ್ಪಟೆಯಾದ ಸ್ಪ್ರಿಂಗ್ ಪಟ್ಟಿಗಳು ಹೇಳಿಬಿಡುತ್ತವೆ.

ಸಾಲ ಮಾಡಿ ಕೊಂಡ ಅವರ ಗಾಡಿ, ಹಿಂದಿನ ಒಡೆಯನ ಅಲಕ್ಷ್ಯದ ಫಲವಾಗಿ, ಮೊದಲ ಸುಗ್ಗಿಯಲ್ಲೇ ಎಂಜಿನ್ ಕಾದು ನಡುದಾರಿಯಲ್ಲಿ ನಿಂತಿತಂತೆ. ಟೆಂಡರಿನ ಹೊತ್ತು ಮೀರಿತು. ರೈತನ ಮಾಲು ಉಳಿಯಿತು. ಬಾಡಿಗೆ ಹೋದದ್ದಕ್ಕಿಂತಲೂ ಆ ರೈತನ ನಂಬಿಕೆ ಹೋದುದೇ ಅವರಿಗೆ ದೊಡ್ಡ ನಷ್ಟವೆನಿಸಿತು. ಈಗ ರೇಡಿಯೇಟರಿನ ನೀರು, ಎಂಜಿನ್ನಿನ ಎಣ್ಣೆಗಳನ್ನು ನೋಡದೆ ಅವರು ಬೆಳಗಿನ ಚಹವನ್ನೂ ಮುಟ್ಟುವುದಿಲ್ಲ.

ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಅರ್ಹತಾಪತ್ರ ಬೇಕೆಂದು ಕಾನೂನು ಹೇಳುತ್ತದೆ. ಉಳಿದ ದಿನಗಳ ಪರೀಕ್ಷಕನು ಒಡೆಯನೇ.