ಅಡಿಕೆಯ ಸೀಮೆಯಿಂದ ತಂದೆಯವರಿಗೆ

ಸಿದ್ದಾಪುರ ತಾಲೂಕು, ಉತ್ತರ ಕನ್ನಡ
ಮಾರ್ಗಶಿರ ಮಾಸ

ತೀರ್ಥರೂಪು ತಂದೆಯವರಿಗೆ,

ತಾಳಗುಪ್ಪದಲ್ಲಿ ರೈಲುಹಳಿ ಮುಗಿದ ಮೇಲೆ ಬಸ್ಸು ಹಿಡಿದು ಸಿದ್ದಾಪುರವನ್ನು ಸೇರಿ, ಅಲ್ಲಿಂದ ಶಿರಸಿಯ ದಾರಿಯಲ್ಲಿ ಕೆಲವು ಮೈಲಿ ಸಾಗಿ, ಕಾಲುದಾರಿಯಲ್ಲಿ ಇಳಿದು, ನನ್ನ ಹಾಸ್ಟೆಲಿನ ಗೆಳೆಯನ ಮನೆಗೆ ಸಂಜೆಯ ಹೊತ್ತಿಗೆ ಬಂದು ಮುಟ್ಟಿದೆನು. ನಮ್ಮ ಮಂಡ್ಯ ಸೀಮೆಯ ಹಳ್ಳಿಗಳಂತೆ ಇಲ್ಲಿಯ ಊರು ಒಂದೆಡೆ ಗುಂಪುಗೂಡಿದುದಲ್ಲ. ಎರಡು ಗುಡ್ಡಗಳ ನಡುವೆ ನೀರು ಜಿನುಗುವ ಕಣಿವೆಯೆಲ್ಲವೂ ತೋಟ. ಆ ತೋಟದ ತಲೆಯಲ್ಲಿ ಒಂದು ಮನೆ. ನೆರೆಮನೆಗೆ ಹೋಗಬೇಕಾದರೆ ಮತ್ತೊಂದು ಗುಡ್ಡವನ್ನು ಹತ್ತಿ ಇಳಿಯಬೇಕು. ಇಂತಹ ಏಕಾಂತದಲ್ಲಿ ಬಾಳುವವರು ಮಿತಭಾಷಿಗಳಾಗಿರುವರೆಂದು ನಾನು ಊಹಿಸಿದ್ದೆನು. ಆದರೆ ಜಗಲಿಯನ್ನು ಹತ್ತಿದೊಡನೆ ಗೆಳೆಯನ ಆಯಿ, ಎಂದರೆ ತಾಯಿ, ಕೈಕಾಲಿಗೆ ನೀರು ಕೊಟ್ಟು, "ತಮಾ, ಆಸ್ರಿಗೆ ಎಂತ ಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಜ್ಜಿಗೆಯನ್ನೂ ಬೆಲ್ಲವನ್ನೂ ಮುಂದಿಟ್ಟು, ಅಮ್ಮನ ಮಂಡಿನೋವಿನಿಂದ ಹಿಡಿದು ನಮ್ಮ ಹಟ್ಟಿಯ ಹಸುಗಳವರೆಗೆ ಸಕಲವನ್ನೂ ವಿಚಾರಿಸಿದರು. ಗೆಳೆಯನು ಇಷ್ಟು ಕಾಲ ತನ್ನ ಮನೆಗೆ ಬರೆದ ಕಾಗದಗಳಲ್ಲಿ ನಮ್ಮ ಸಂಸಾರದ ಸಮಾಚಾರವೇ ಬಹುಭಾಗವನ್ನು ಆಕ್ರಮಿಸಿತ್ತೆಂದು ಆಗ ತಿಳಿಯಿತು.

ಮರುದಿನ ಬೆಳಗ್ಗೆ ಅವನ ಅಪ್ಪಯ್ಯ ನನ್ನನ್ನು ತೋಟಕ್ಕೆ ಕರೆದೊಯ್ದರು. ಕೃಷಿಕರಾದ ತಮಗೆ ಈ ಭಾಗವು ರುಚಿಸಬಹುದು. ಗುಡ್ಡದ ನೆತ್ತಿಯಿಂದ ಇಳಿಯುವ ಅಬ್ಬಿನೀರನ್ನು ಸೀಳಿದ ಅಡಿಕೆಮರದ ದಬ್ಬೆಗಳಲ್ಲಿ ಹಾಯಿಸಿ, ಯಂತ್ರದ ನೆರವಿಲ್ಲದೆ ಬಚ್ಚಲಿಗೂ ಕೊಟ್ಟಿಗೆಗೂ ತಂದಿದ್ದಾರೆ. ತೋಟದ ಸುತ್ತಣ ಕಾಡು ಕೇವಲ ಕಾಡಲ್ಲ, ಅದು ಸೊಪ್ಪಿನಬೆಟ್ಟ: ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಹಸಿ ಸೊಪ್ಪು, ಒಣ ದರಕುಗಳಿಗಾಗಿ ಬಳಸಿಕೊಳ್ಳುವ ಹಕ್ಕು ಈ ಜಿಲ್ಲೆಯ ತೋಟಿಗರಿಗೆ ಬ್ರಿಟಿಷರ ಕಾಲದಿಂದಲೂ ನಡೆದುಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಮರದ ಬುಡಕ್ಕೆ. ಉದುರಿದ ಹಾಳೆ, ಸುಲಿದ ಸಿಪ್ಪೆ, ಮುಪ್ಪಾಗಿ ಬಿದ್ದ ಮರ, ಇವುಗಳಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ. ನಾವು ನೆಟ್ಟ ಕಬ್ಬನ್ನು ವರ್ಷದೊಳಗೆ ಕಡಿಯುತ್ತೇವೆ. ಇವರು ನೆಟ್ಟ ಸಸಿಯು ಫಲ ಕೊಡಲು ಐದಾರು ವರ್ಷಗಳಾದರೂ ಬೇಕು.

ಗೆಳೆಯನು ಹಾಸ್ಟೆಲಿನಲ್ಲಿ ದಿನಪತ್ರಿಕೆ ಬಂದೊಡನೆ ಮೊದಲು ಮಳೆಯ ವರದಿಯನ್ನೇ ಓದುತ್ತಿದ್ದುದನ್ನು ಕಂಡು ನಾವೆಲ್ಲರೂ ನಗುತ್ತಿದ್ದೆವು. ಆಷಾಢ ಶ್ರಾವಣಗಳಲ್ಲಿ ಮಳೆಯು ಬಿಡದೆ ಹಿಡಿಯಿತೆಂದರೆ ಕೊಳೆರೋಗವು ತಗುಲಿ ಎಳೆಯ ಕಾಯಿಗಳು ಬುಡದಲ್ಲಿ ಉದುರಿ ಹಾಸುತ್ತವೆಂದೂ, ಔಷಧಿ ಹೊಡೆಯಲು ಒಂದು ಹೊಳವಿನ ದಿನಕ್ಕಾಗಿ ಮನೆಮಂದಿಯೆಲ್ಲ ಆಕಾಶವನ್ನೇ ನೋಡುತ್ತ ಕೂರಬೇಕೆಂದೂ ಅಪ್ಪಯ್ಯ ವಿವರಿಸಿದಾಗ ಆ ವರದಿಯ ಅರ್ಥ ನನಗಾಯಿತು. ಕೆನಡಾ ದೇಶದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಗಳು 1910ರಲ್ಲಿ ಈ ರೋಗವನ್ನು ಕುರಿತು ವರದಿಯನ್ನು ಪ್ರಕಟಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ, ಎಂದರೆ ಅಡಿಕೆಯ ಗೊನೆಗಳಿಗೆ, ಸಿಂಪಡಿಸುವ ಕ್ರಮವನ್ನು ಸಂಸ್ಥಾನದ ಮಲೆನಾಡಿನಲ್ಲಿ ಬಳಕೆಗೆ ತಂದರು. ಅದಕ್ಕೆ ಮುನ್ನ ಪ್ರತಿಯೊಂದು ಕೊನೆಗೂ ಮರವೇರಿ ಮಳೆ ತಡೆಯುವ ಕೊಟ್ಟೆ ಕಟ್ಟುವುದೊಂದೇ ಗತಿಯಾಗಿತ್ತು. ಅದೇ ಕೋಲ್ಮನ್ನರು ಮುಂದೆ ನಿಂತು, ತಾವು ಕಬ್ಬು ಹಾಕುವ ನಮ್ಮ ಮಂಡ್ಯದ ಸಕ್ಕರೆ ಕಾರ್ಖಾನೆಯನ್ನು 1933ರಲ್ಲಿ ಕಟ್ಟಿಸಿದರೆಂದು ನಾನು ಹೇಳಿದಾಗ, ಅಪ್ಪಯ್ಯ ನಡೆಯುತ್ತಿದ್ದವರು ನಿಂತು, "ಹಾಗಾದ್ರೆ ನಿಮ್ಮ ಮನೆಗೂ ನಮ್ಮ ಮನೆಗೂ ಅನ್ನ ಹಾಕಿದವ ಒಬ್ಬನೇ ಆದ" ಎಂದರು.

ಈಗ ಕೊನೆಕೊಯ್ಲಿನ ಕಾಲ. ಕೊನೆ ಕೊಯ್ಯುವ ಕೊನೆಗೌಡನು ಒಂದು ಮರವನ್ನು ಏರಿದನೆಂದರೆ ನೆಲಕ್ಕಿಳಿಯದೆ, ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ. ಕೊಯ್ದ ಕೊನೆಯು ಹಗ್ಗದ ಮೇಲೆ ಜಾರಿ ಬಂದು ಕೆಳಗೆ ನಿಂತವನ ಕೈ ಸೇರುತ್ತದೆ. ರಾತ್ರಿ ಊಟವಾದ ಮೇಲೆ ನೆರೆಹೊರೆಯವರು ಬಂದು ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಾರೆ. ಗೆಳೆಯನ ಅಜ್ಜಿಗೆ ಕಣ್ಣು ಮಂದವಾಗಿದ್ದರೂ ಕಾಯಿಯನ್ನು ಕತ್ತಿಯ ಮೊನೆಗೆ ಒತ್ತಿ, ಒಮ್ಮೆ ತಿರುವಿ, ಸಿಪ್ಪೆಯನ್ನು ಎಡಕ್ಕೂ ಬೇಳೆಯನ್ನು ಬಲಕ್ಕೂ ಚೆಲ್ಲುವ ಆಕೆಯ ಕೈಗಳು ಒಮ್ಮೆಯೂ ತಪ್ಪಲಿಲ್ಲ. ಸುಲಿದ ಬೇಳೆಯು ಹಂಡೆಯಲ್ಲಿ, ಅಡಿಕೆ ಬೇಯಿಸಿ ಉಳಿದ ರಸವಾದ ಚೊಗರಿನೊಡನೆ ಬೆಂದು, ಅಟ್ಟದಲ್ಲಿ ಒಣಗಿ, ಕೆಂಪಡಿಕೆಯಾಗಿ ಶಿರಸಿಯ ಪೇಟೆಯನ್ನು ಸೇರುವುದು.

ಅಮ್ಮನಿಗೆ ತಿಳಿಸಬೇಕಾದುದು ಅಡಿಗೆಯ ವಿಷಯ. ಒಂದೆಲಗದ ತಂಬುಳಿ, ಅಪ್ಪೆಮಿಡಿಯ ಉಪ್ಪಿನಕಾಯಿ, ದೋಸೆಗೆ ಜೋನಿಬೆಲ್ಲ, ಎಲ್ಲವೂ ಸೊಗಸಾಗಿದ್ದುವು. ಆದರೆ ತೊಡದೇವಿಗೆ ಸಮಾನವಾದುದು ಯಾವುದೂ ಇಲ್ಲ. ಬೋರಲು ಹಾಕಿ ಕಾಯಿಸಿದ ಮಡಕೆಯ ಬೆನ್ನಿನ ಮೇಲೆ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಒಂದೇ ಎಳೆತಕ್ಕೆ ತೊಡೆದು, ಕಾಗದದಷ್ಟು ತೆಳುವಾದ ಹಾಳೆಯನ್ನು ಆಯಿ ಮಡಿಸಿ ಎತ್ತಿಕೊಡುತ್ತಿದ್ದರು. ನಮ್ಮ ಆಲೆಮನೆಯ ಹಾಲಿನಿಂದ ಇದನ್ನು ಮಾಡಿದರೆ ಹೇಗಿರುವುದೋ ನೋಡಬೇಕೆಂದು ಅವರಿಗೂ ಕುತೂಹಲವಿದೆ.

ತಂದೆಯವರೇ, ಒಂದು ಬಿನ್ನಹವುಂಟು. ಅಪ್ಪಯ್ಯನವರು ತೋಟವನ್ನು ಬಿಟ್ಟು ದೂರ ಹೋದವರಲ್ಲ. ಕಾವೇರಿಯ ನಾಲೆಯನ್ನೂ ಆ ಕಾರ್ಖಾನೆಯನ್ನೂ ಕಣ್ಣಾರೆ ಕಾಣಬೇಕೆಂಬ ಆಸೆಯನ್ನು ತಾವಾಗಿಯೇ ಹೇಳಿಕೊಂಡರು. ಕೊಯ್ಲು ಮುಗಿದು ಶಿವರಾತ್ರಿಯ ಸುಮಾರಿಗೆ ಅವರಿಗೆ ಬಿಡುವಾಗುತ್ತದೆ. ಮಗನ ಗೆಳೆಯ ಕರೆದನೆಂದು ಹೊರಡುವ ಸ್ವಭಾವ ಅವರದಲ್ಲ; ಮನೆಯ ಹಿರಿಯರ ಕರೆಯೇ ಬರಬೇಕು. ಆದಕಾರಣ ತಾವು ಸ್ವಹಸ್ತದಿಂದ ಅವರಿಗೊಂದು ಕಾಗದ ಬರೆದು, ಆಯಿಯವರ ಸಮೇತ ಆಲೆಮನೆಯ ಕಾಲಕ್ಕೆ ಬರುವಂತೆ ಆಹ್ವಾನಿಸಬೇಕೆಂದು ಪ್ರಾರ್ಥಿಸುತ್ತೇನೆ. ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದಿರಿಸಿದ್ದೇನೆ.

ಇಂತಿ ತಮ್ಮ ಆಜ್ಞಾಧಾರಕ ಪುತ್ರ